ಗೇಟಿಗೊಂದು, ಪುಸ್ತಕಕ್ಕೊಂದು, ಹಸುವಿಗೊಂದು: ಸರಿಯಾದ ಆರ್‌ಎಫ್‌ಐಡಿ ಆರಿಸಿಕೊಳ್ಳುವುದು ಹೇಗೆ?

ಅಪಾರ್ಟ್‌ಮೆಂಟಿನ ಗೇಟಿಗೋ, ಕಾಲೇಜಿನ ಲೈಬ್ರರಿಗೋ, ಅಂಗಡಿಯ ಗೋಡೌನಿಗೋ ಆರ್‌ಎಫ್‌ಐಡಿ (ರೇಡಿಯೋ ಮೂಲಕ ಗುರುತಿನ ನಂಬರ್ ಓದುವ ವ್ಯವಸ್ಥೆ; ಅಂಟಿಸುವುದು ಟ್ಯಾಗ್, ಅದನ್ನು ಓದುವ ಯಂತ್ರ ರೀಡರ್) ಹಾಕಿಸಲು ಕೊಟೇಶನ್ ತರಿಸಿ ನೋಡಿ. ಬೆಲೆ ಇರುತ್ತದೆ, ವಾರಂಟಿ ಇರುತ್ತದೆ. ಯಾವ ಫ್ರೀಕ್ವೆನ್ಸಿ, ಯಾವ ಸ್ಟ್ಯಾಂಡರ್ಡ್ ಎಂಬ ಸಾಲು ಮಾತ್ರ ಎಷ್ಟೋ ಸಲ ಇರುವುದೇ ಇಲ್ಲ. ದುಡ್ಡು ಪೋಲಾಗುವುದು ಅಲ್ಲೇ. ಕಾರಿನ ಗಾಜಿನ ಮೇಲಿನ ಫಾಸ್ಟ್ಯಾಗ್, ನಮ್ಮ ಮೆಟ್ರೋ ಟೋಕನ್, ಸಾಕುನಾಯಿಯ ಚರ್ಮದಡಿಯ ಚಿಪ್ ಮೂರೂ ಆರ್‌ಎಫ್‌ಐಡಿಯೇ. ಆದರೆ ಒಂದರ ರೀಡರ್ ಇನ್ನೊಂದನ್ನು ಓದುವುದಿಲ್ಲ.

ಕೊಳ್ಳುವವರು ಮೊದಲು ಕೇಳುವುದು "ಎಷ್ಟು ದೂರದಿಂದ ಓದುತ್ತದೆ?" ಎಂದು. ದೂರ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ. ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ: ಎಷ್ಟು ದೂರದಿಂದ ಓದಬಾರದು? ಗೇಟಿನ ರೀಡರ್ ಪಕ್ಕದ ಲೇನಿನ ಕಾರನ್ನು ಓದಬಾರದು. ಹಿಂದಿನ ಕಪಾಟಿನಲ್ಲಿರುವ ಪುಸ್ತಕ ಯಾರದೋ ಹೆಸರಿಗೆ ಇಶ್ಯೂ ಆಗಬಾರದು. ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿಯಿತು. ಉಳಿದರ್ಧ, ಟ್ಯಾಗನ್ನು ಯಾವುದಕ್ಕೆ ಅಂಟಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಕಾಗದವೋ, ಕಬ್ಬಿಣವೋ, ನೀರು ತುಂಬಿದ ಬಾಟಲಿಯೋ, ಜೀವ ಇರುವ ಮೈಯೋ?

ಬ್ಯಾಟರಿ ಇಲ್ಲದೆ ಮಾತಾಡುವುದು ಹೇಗೆ

ನಾವು ದಿನಾ ನೋಡುವ ಬಹುಪಾಲು ಟ್ಯಾಗ್‌ಗಳಲ್ಲಿ ಬ್ಯಾಟರಿ ಇಲ್ಲ. ಸಾಸಿವೆ ಕಾಳಿಗಿಂತಲೂ ಚಿಕ್ಕ ಚಿಪ್, ಅದಕ್ಕೊಂದು ಆಂಟೆನಾ, ಅಷ್ಟೇ. ಚಿಪ್ಪಿಗೆ ಬೇಕಾದ ವಿದ್ಯುತ್ತನ್ನು ರೀಡರ್ರೇ ಗಾಳಿಯಲ್ಲಿ ಕಳಿಸುತ್ತದೆ. ಇದು ಎರಡು ದಾರಿಯಲ್ಲಿ ನಡೆಯುತ್ತದೆ.

ಮೊದಲನೆಯದು ಕಾಯಿಲ್ ದಾರಿ. ರೀಡರ್ ಒಳಗೆ ತಂತಿಯ ಸುರುಳಿ ಇದೆ, ಟ್ಯಾಗ್ ಒಳಗೂ ಇದೆ. ರೀಡರ್ ಸುರುಳಿಯ ಸುತ್ತ ಏರಿಳಿಯುವ ಕಾಂತಕ್ಷೇತ್ರದಿಂದ ಟ್ಯಾಗಿನ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಟ್ರಾನ್ಸ್‌ಫಾರ್ಮರ್ ನಡೆಯುವುದೂ ಇದೇ ನಿಯಮದಲ್ಲಿ. ಎಚ್ಚರಗೊಂಡ ಚಿಪ್ ತನ್ನ ಸುರುಳಿಯ ಮೇಲಿನ ಲೋಡನ್ನು ಬೇಗ ಬೇಗ ಬದಲಿಸುತ್ತದೆ. ಆ ಸಣ್ಣ ವ್ಯತ್ಯಾಸವನ್ನು ರೀಡರ್ ತನ್ನ ಸುರುಳಿಯಲ್ಲಿ ಗುರುತಿಸಿ ನಂಬರ್ ಓದಿಕೊಳ್ಳುತ್ತದೆ. ಈ ಕಾಂತಕ್ಷೇತ್ರ ದೂರ ಹೋದಂತೆ ತುಂಬಾ ಬೇಗ ಕುಸಿಯುತ್ತದೆ. ದೂರ ಎರಡು ಪಟ್ಟಾದರೆ ಬಲ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಮೆಟ್ರೋ ಕಾರ್ಡನ್ನು ಗೇಟಿಗೆ ತಾಗಿಸಿದಂತೆ ಹಿಡಿಯಬೇಕಾಗುತ್ತದೆ.

ಎರಡನೆಯದು ಅಲೆ ದಾರಿ. ಇಲ್ಲಿ ರೀಡರಿನ ಆಂಟೆನಾ ರೇಡಿಯೋ ಅಲೆಯನ್ನು ಹೊರಗೆ ಬಿಡುತ್ತದೆ, ಟ್ಯಾಗ್ ಅದನ್ನು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಹಿಂದಿರುಗಿಸುತ್ತದೆ. ಮಕ್ಕಳು ಕನ್ನಡಿ ಹಿಡಿದು ಬಿಸಿಲನ್ನು ಎದುರು ಮನೆಯ ಗೋಡೆಗೆ ಮಿಣಮಿಣ ಬಿಡುತ್ತಾರಲ್ಲ, ಹಾಗೆ. ಬೆಳಕು ಮಕ್ಕಳದ್ದಲ್ಲ, ಸೂರ್ಯನದ್ದು. ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರ್ 1948ರಲ್ಲೇ ಹೀಗೆ ಪ್ರತಿಫಲಿಸಿದ ಶಕ್ತಿಯಿಂದ ಸಂದೇಶ ಕಳಿಸುವ ಬಗ್ಗೆ ಪ್ರಬಂಧ ಬರೆದಿದ್ದರು. ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ಕೆಲವು ಮೀಟರ್ ದೂರದಿಂದ ಓದಿಸಿಕೊಳ್ಳುವುದು ಈ ದಾರಿಯಲ್ಲಿ.

ಮೂರು ಬಗೆ

ಎಲ್‌ಎಫ್ (ಲೋ ಫ್ರೀಕ್ವೆನ್ಸಿ) ಎಂದರೆ 125 ಅಥವಾ 134.2 ಕಿಲೋಹರ್ಟ್ಸ್. ಕಾಯಿಲ್ ದಾರಿ, ಕೆಲವು ಸೆಂಟಿಮೀಟರ್ ದೂರ. ದೊಡ್ಡ ಆಂಟೆನಾ ಇಟ್ಟರೆ ಇನ್ನಷ್ಟು. ನಿಧಾನ, ಮೆಮೊರಿ ಕಡಿಮೆ. ಆದರೆ ನೀರು, ಮಾಂಸ, ಕೆಸರು ಇದನ್ನು ತಡೆಯುವುದಿಲ್ಲ. ಲೋಹದ ಕಾಟವೂ ಉಳಿದೆರಡಕ್ಕಿಂತ ಕಡಿಮೆ. ಪ್ರಾಣಿಗಳ ಚಿಪ್, ಬೇರೆ ಕೀಲಿಗೆ ಎಂಜಿನ್ ಚಾಲೂ ಆಗದಂತೆ ತಡೆಯಲು ಕಾರಿನ ಕೀಲಿಯೊಳಗೆ ಇಡುವ ಇಮೊಬಿಲೈಸರ್ ಚಿಪ್, ಹಳೆಯ ಬಿಳಿ ಆಕ್ಸೆಸ್ ಕಾರ್ಡು ಈ ಗುಂಪಿನವು.

ಎಚ್‌ಎಫ್ (ಹೈ ಫ್ರೀಕ್ವೆನ್ಸಿ) ಎಂದರೆ 13.56 ಮೆಗಾಹರ್ಟ್ಸ್. ಇದೂ ಕಾಯಿಲ್ ದಾರಿಯೇ. ಇದರೊಳಗೆ ಎರಡು ಸ್ಟ್ಯಾಂಡರ್ಡ್ ಮುಖ್ಯ. ಐಎಸ್‌ಒ 14443 ಸುಮಾರು 10 ಸೆಂಟಿಮೀಟರ್ ಒಳಗೆ ಕೆಲಸ ಮಾಡುತ್ತದೆ. ಬ್ಯಾಂಕ್ ಕಾರ್ಡು, ಇ-ಪಾಸ್‌ಪೋರ್ಟ್, ಆಫೀಸಿನ ಕಾರ್ಡು ಇದನ್ನು ಬಳಸುತ್ತವೆ. ಐಎಸ್‌ಒ 15693 ದೊಡ್ಡ ಆಂಟೆನಾ ಇದ್ದರೆ ಒಂದು ಮೀಟರ್ ಹತ್ತಿರದವರೆಗೂ ಓದುತ್ತದೆ. ಲೈಬ್ರರಿ ಟ್ಯಾಗ್‌ಗಳು ಇದರವು. ಫೋನನ್ನು ತಾಗಿಸಿ ಓದುವ, ದುಡ್ಡು ಕೊಡುವ ಎನ್‌ಎಫ್‌ಸಿ ಸೌಲಭ್ಯ ಇದೇ 13.56ರಲ್ಲಿ ಕೆಲಸ ಮಾಡುವುದರಿಂದ ಹೆಚ್ಚಿನ ಎಚ್‌ಎಫ್ ಟ್ಯಾಗ್‌ಗಳನ್ನು ಸಾಮಾನ್ಯ ಫೋನಿನಲ್ಲೇ ಓದಿ ನೋಡಬಹುದು.

ಯುಎಚ್‌ಎಫ್ (ಅಲ್ಟ್ರಾ ಹೈ ಫ್ರೀಕ್ವೆನ್ಸಿ) ಎಂದರೆ 860ರಿಂದ 960 ಮೆಗಾಹರ್ಟ್ಸ್. ಅಲೆ ದಾರಿ. ಜಾಗ ತೆರೆದಿದ್ದರೆ ಹತ್ತು ಮೀಟರ್ ಹತ್ತಿರದವರೆಗೂ ಓದಬಲ್ಲದು, ಸೆಕೆಂಡಿಗೆ ನೂರಾರು ಟ್ಯಾಗ್. ಅಷ್ಟೊಂದು ಟ್ಯಾಗ್ ಒಟ್ಟಿಗೆ ಮಾತಾಡಿದರೆ ಗದ್ದಲ ಆಗುವುದಿಲ್ಲವೇ? ಆಗುತ್ತದೆ. ಅದಕ್ಕೇ ಪ್ರತಿ ಟ್ಯಾಗ್ ತನಗೆ ತಾನೇ ಒಂದು ಸರದಿ ಸಂಖ್ಯೆ ಆರಿಸಿಕೊಂಡು ಕಾಯುತ್ತದೆ. ಇಬ್ಬರಿಗೆ ಒಂದೇ ಸಂಖ್ಯೆ ಬಂದರೆ ಮುಂದಿನ ಸುತ್ತಿನಲ್ಲಿ ಮತ್ತೆ ಪ್ರಯತ್ನ. ಬಿಡಿ ಟ್ಯಾಗಿನ ಬೆಲೆಯೂ ಮೂರರಲ್ಲಿ ಇದರದ್ದೇ ಕಡಿಮೆ. ರೀಡರಿನ ಬೆಲೆ ಮಾತ್ರ ಜಾಸ್ತಿ. ಇದರ ಶತ್ರುಗಳು ಎರಡು. ನೀರು ಅಲೆಯನ್ನು ಹೀರುತ್ತದೆ, ಲೋಹ ಟ್ಯಾಗಿನ ಆಂಟೆನಾವನ್ನು ಕೆಡಿಸುತ್ತದೆ.

ಬ್ಯಾಟರಿ ಇರುವ ಆಕ್ಟಿವ್ ಟ್ಯಾಗ್‌ಗಳೂ ಇವೆ. ಕಂಟೇನರ್ ಯಾರ್ಡ್, ಗಣಿ, ದೊಡ್ಡ ಆಸ್ಪತ್ರೆಯ ಉಪಕರಣಗಳಿಗೆ ಸರಿ. ಮನೆಮಟ್ಟದ ಕೆಲಸಕ್ಕೆ ಬೇಡ.

ಅಪಾರ್ಟ್‌ಮೆಂಟ್ ಗೇಟು: ಕಾರಿಗೆ ಒಂದು, ಮನುಷ್ಯರಿಗೆ ಇನ್ನೊಂದು

ಕಾರು ನಿಲ್ಲಿಸದೆ ಒಳಗೆ ಹೋಗಬೇಕಾದರೆ ಈ ಮೂರರಲ್ಲಿ ಯುಎಚ್‌ಎಫ್ ಬಿಟ್ಟು ಬೇರೆ ದಾರಿ ಇಲ್ಲ. ಪ್ರಶ್ನೆ, ಹೊಸ ಸ್ಟಿಕರ್ ಕೊಡುವುದೋ ಅಥವಾ ಈಗಾಗಲೇ ಗಾಜಿನ ಮೇಲಿರುವ ಫಾಸ್ಟ್ಯಾಗನ್ನೇ ಓದುವುದೋ? ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಹೆದ್ದಾರಿ ಟೋಲ್‌ಗಳಲ್ಲಿ ಕಡ್ಡಾಯ, ಹಾಗಾಗಿ ಹೆಚ್ಚಿನ ಕಾರುಗಳಲ್ಲಿ ಇದ್ದೇ ಇದೆ. ಅದರ ನಂಬರನ್ನು ಗೇಟಿನ ರೀಡರಿಗೆ ಪರಿಚಯಿಸಿದರೆ ಸಾಕು. ಇದರಿಂದ ನಿಮ್ಮ ಟೋಲ್ ದುಡ್ಡು ಕಡಿತವಾಗುತ್ತದೆ ಎಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ. ಫಾಸ್ಟ್ಯಾಗಿನೊಳಗೆ ದುಡ್ಡೇ ಇಲ್ಲ, ಗುರುತಿನ ನಂಬರ್ ಇದೆ. ದುಡ್ಡು ಬ್ಯಾಂಕಿನ ಖಾತೆಯಲ್ಲಿದೆ. ಟೋಲ್ ಪ್ಲಾಜಾದಂಥ ನೋಂದಾಯಿತ ಜಾಗದವರು ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ನಡೆಸುವ ಎನ್‌ಇಟಿಸಿ ಎಂಬ ಟೋಲ್ ಪಾವತಿ ವ್ಯವಸ್ಥೆಯ ಮೂಲಕ ಕೇಳಿದಾಗಷ್ಟೇ ಅದು ಕಡಿತವಾಗುತ್ತದೆ.

ನಾನಾದರೆ ಫಾಸ್ಟ್ಯಾಗನ್ನೇ ಬಳಸುತ್ತೇನೆ. ಕಾರಣ, ಒಂದೇ ಗಾಜಿನ ಮೇಲೆ ಎರಡು ಯುಎಚ್‌ಎಫ್ ಸ್ಟಿಕರ್‌ಗಳನ್ನು ಒತ್ತೊತ್ತಾಗಿ ಅಂಟಿಸಿದರೆ ಎರಡೂ ಸರಿಯಾಗಿ ಓದದೇ ಹೋಗಬಹುದು. ಬೇರೆ ಸ್ಟಿಕರ್ ಬೇಕೇ ಬೇಕಾದರೆ ಫಾಸ್ಟ್ಯಾಗಿನಿಂದ ದೂರ, ಇನ್ನೊಂದು ತುದಿಗೆ ಅಂಟಿಸಿ. ಬಿಸಿಲು ತಡೆಯಲು ಲೋಹದ ಪದರ ಇರುವ ಗಾಜಾದರೆ, ಆ ಪದರ ಇಲ್ಲದ ಜಾಗ ಎಲ್ಲಿದೆ ಎಂದು ಕಾರಿನ ಮ್ಯಾನ್ಯುಯಲ್ಲಿನಲ್ಲಿ ನೋಡಿ. ಬೈಕಿನ ಕಥೆ ಬೇರೆ. ಪೆಟ್ರೋಲ್ ಟ್ಯಾಂಕಿನ ಮೇಲೆ ಸಾಮಾನ್ಯ ಸ್ಟಿಕರ್ ಅಂಟಿಸಿದರೆ ಲೋಹದಿಂದಾಗಿ ಓದುವುದಿಲ್ಲ. ಹೆಡ್‌ಲೈಟ್ ಮೇಲಿನ ಪ್ಲಾಸ್ಟಿಕ್ ಭಾಗ ಸರಿಯಾದ ಜಾಗ.

ಒಳಬರುವ ಲೇನು, ಹೊರಹೋಗುವ ಲೇನು ಪಕ್ಕಪಕ್ಕ ಇದ್ದರೆ ರೀಡರಿನ ಪವರ್ ಇಳಿಸಿ, ಆಂಟೆನಾವನ್ನು ಕೆಳಮುಖವಾಗಿ ಓರೆ ಮಾಡಬೇಕು. ಹೊರಹೋಗುವ ಕಾರಿಗೆ ಒಳಬರುವ ಲೇನಿನ ಬೂಮ್ (ಅಡ್ಡಕಂಬ) ಎದ್ದರೆ ಅದು ಟ್ಯಾಗಿನ ದೋಷವಲ್ಲ, ಅಳವಡಿಸಿದ ರೀತಿಯ ದೋಷ.

ಲಿಫ್ಟು, ಮುಖ್ಯ ಬಾಗಿಲು, ಜಿಮ್ಮಿಗೆ ಜನ ಹೋಗುವ ಕಾರ್ಡಿನ ವಿಷಯ ಇದಕ್ಕಿಂತ ಗಂಭೀರ. ಅಗ್ಗದ ಕೊಟೇಶನ್‌ಗಳಲ್ಲಿ ಬರುವುದು 125 ಕಿಲೋಹರ್ಟ್ಸ್ ಕಾರ್ಡು ಅಥವಾ ಕೀಚೈನ್. ಅದರೊಳಗೆ ಒಂದು ಖಾಯಂ ನಂಬರ್ ಇದೆ. ಯಾವ ರೀಡರ್ ಕೇಳಿದರೂ ಅದನ್ನೇ ಹೇಳುತ್ತದೆ. ಗುಟ್ಟು, ಪಾಸ್‌ವರ್ಡ್ ಏನೂ ಇಲ್ಲ. ಆನ್‌ಲೈನಿನಲ್ಲಿ ಸಿಗುವ ಸಣ್ಣ ಯಂತ್ರದಿಂದ ಅದರ ನಕಲು ಕೆಲವೇ ಸೆಕೆಂಡಿನಲ್ಲಿ ಆಗುತ್ತದೆ. ಒಬ್ಬಂಟಿ ಹಿರಿಯರಿರುವ ಮನೆಗಳ ಬಾಗಿಲಿಗೆ ಇದನ್ನು ಹಾಕಿಸಬೇಡಿ. ದಯವಿಟ್ಟು.

ಎಚ್‌ಎಫ್ ಕಾರ್ಡುಗಳಲ್ಲೂ ಎಲ್ಲವೂ ಒಂದೇ ಅಲ್ಲ. ಮೈಫೇರ್ ಕ್ಲಾಸಿಕ್ ಎಂಬ ಕಾರ್ಡು ಬಹಳ ಪ್ರಸಿದ್ಧ. ಅದರ ರಹಸ್ಯಲಿಪಿಯನ್ನು ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಒಡೆದು ತೋರಿಸಿದರು. ಹೊಸದಾಗಿ ಹಾಕಿಸುವವರು ಮೈಫೇರ್ ಡೆಸ್‌ಫೈರ್ ಮಾದರಿಯ, ಎಇಎಸ್ ಎಂಬ ಗಟ್ಟಿ ರಹಸ್ಯಲಿಪಿಯ ರಕ್ಷಣೆ ಇರುವ ಕಾರ್ಡು ಕೇಳಬೇಕು. ಅಷ್ಟೇ ಸಾಲದು. ಒಳ್ಳೆಯ ಕಾರ್ಡು ಕೊಟ್ಟು, ರೀಡರ್ ಮಾತ್ರ ಕಾರ್ಡು ಯಾರು ಕೇಳಿದರೂ ಹೇಳುವ ಯುಐಡಿ ಎಂಬ ಗುರುತಿನ ನಂಬರನ್ನಷ್ಟೇ ಓದುವಂತೆ ಇಟ್ಟುಬಿಡುವುದು ಸಾಮಾನ್ಯ. ಆಗ ಕಾರ್ಡಿನೊಳಗಿನ ರಕ್ಷಣೆ ಸುಮ್ನೆ ಮಲಗಿರುತ್ತದೆ. ದುಬಾರಿ ಕಾರ್ಡಿಗೆ ಕೊಟ್ಟ ದುಡ್ಡು ದಂಡ. ಮಾರುವವರನ್ನು ನೇರವಾಗಿ ಕೇಳಿ: "ಬಾಗಿಲು ತೆರೆಯುವುದು ಯುಐಡಿ ನೋಡಿಯೋ, ಕಾರ್ಡಿನೊಳಗಿನ ರಹಸ್ಯ ಕೀ ಪರೀಕ್ಷಿಸಿಯೋ?" ರೀಡರಿನಿಂದ ಕಂಟ್ರೋಲರಿಗೆ (ಬಾಗಿಲು ತೆರೆಯುವ ಪೆಟ್ಟಿಗೆಗೆ) ಹೋಗುವ ತಂತಿಯ ಬಗ್ಗೆಯೂ ಕೇಳಿ. ವೀಗಂಡ್ ಎಂಬ ಹಳೆಯ ಪದ್ಧತಿಯಲ್ಲಿ ನಂಬರ್ ಮುಚ್ಚುಮರೆ ಇಲ್ಲದೆ ಹರಿಯುತ್ತದೆ. ಒಎಸ್‌ಡಿಪಿ ಎಂಬ ಹೊಸ ಪದ್ಧತಿಯಲ್ಲಿ ರಹಸ್ಯಲಿಪಿಯ ಅನುಕೂಲ ಇದೆ.

ಲೈಬ್ರರಿ: ಎಚ್‌ಎಫ್, ಯುಎಚ್‌ಎಫ್, ಅಥವಾ ಬರೀ ಬಾರ್‌ಕೋಡ್

ಇಲ್ಲಿ ಮೂರು ಆಯ್ಕೆ ನಿಜವಾಗಿಯೂ ಎದುರುಬದುರು ನಿಲ್ಲುತ್ತವೆ.

ಕೆಲವು ಸಾವಿರ ಪುಸ್ತಕಗಳ ಗ್ರಾಮ ಪಂಚಾಯಿತಿ ಅರಿವು ಕೇಂದ್ರಕ್ಕೋ ಶಾಲೆಯ ಲೈಬ್ರರಿಗೋ ಬಾರ್‌ಕೋಡ್ ಸಾಕು. ಪ್ರಿಂಟರ್ ಇದ್ದರೆ ಲೇಬಲ್ಲಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಉಳಿದ ದುಡ್ಡಿಗೆ ಪುಸ್ತಕ ತನ್ನಿ.

ದಿನಕ್ಕೆ ನೂರಾರು ಪುಸ್ತಕ ಓಡಾಡುವ ಕಾಲೇಜು ಲೈಬ್ರರಿಯಲ್ಲಿ ಆರ್‌ಎಫ್‌ಐಡಿ ಲಾಭ ಕಾಣುತ್ತದೆ. ಐದಾರು ಪುಸ್ತಕ ಒಟ್ಟಿಗೆ ಇಟ್ಟರೆ ಎಲ್ಲವೂ ಒಂದೇ ಸಲ ಇಶ್ಯೂ. ಬಾಗಿಲ ಬಳಿಯ ಕಂಬಗಳು ಇಶ್ಯೂ ಆಗದ ಪುಸ್ತಕಕ್ಕೆ ಕೂಗುತ್ತವೆ. ಇಲ್ಲಿ ಎಚ್‌ಎಫ್ ಹಳೆಯ, ಪಳಗಿದ ದಾರಿ. ಟ್ಯಾಗ್ ಅಗಲವಾಗಿ ಚೌಕಾಕಾರದಲ್ಲಿರುತ್ತದೆ, ಹಿಂದಿನ ರಟ್ಟಿನ ಒಳಗೆ ಅಂಟಿಸುತ್ತಾರೆ. ಎಲ್ಲ ಪುಸ್ತಕದಲ್ಲೂ ಒಂದೇ ಜಾಗಕ್ಕೆ ಅಂಟಿಸಬೇಡಿ. ಪುಸ್ತಕ ಪೇರಿಸಿದಾಗ ಸುರುಳಿಗಳು ಒಂದರ ಮೇಲೊಂದು ಬಂದು ಒಂದನ್ನೊಂದು ಮಂಕು ಮಾಡುತ್ತವೆ. ಮೇಲೆ, ನಡುವೆ, ಕೆಳಗೆ ಎಂದು ಜಾಗ ಬದಲಿಸುತ್ತಾ ಹೋಗಿ. ಎಚ್‌ಎಫ್‌ನ ದೊಡ್ಡ ಗುಣ ಅದರ ಮಿತಿಯೇ. ಟೇಬಲ್ ಮೇಲಿಟ್ಟ ಪುಸ್ತಕವನ್ನು ಓದುತ್ತದೆ, ಪಕ್ಕದ ಟ್ರಾಲಿಯದ್ದನ್ನು ಓದುವುದಿಲ್ಲ.

ಯುಎಚ್‌ಎಫ್ ಟ್ಯಾಗ್ ಸಣ್ಣ ಪಟ್ಟಿಯಂತಿದ್ದು ಬೆನ್ನಿನ ಸಂದಿಯೊಳಗೆ ಅಡಗುತ್ತದೆ. ಕೀಳಲು ಯಾರಿಗೂ ಸುಲಭವಾಗಿ ಕಾಣದು. ಬೆಲೆಯೂ ಕಡಿಮೆ. ಕೈಯಲ್ಲಿ ರೀಡರ್ ಹಿಡಿದು ಕಪಾಟಿನ ಮುಂದೆ ನಡೆದರೆ ಸ್ಟಾಕ್ ಎಣಿಕೆ ಬಹಳ ಬೇಗ ಮುಗಿಯುತ್ತದೆ. ತಪ್ಪು ಜಾಗದಲ್ಲಿಟ್ಟ ಪುಸ್ತಕ ಹುಡುಕಲಂತೂ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಪುಸ್ತಕವನ್ನು ಮೈಗೆ ಒತ್ತಿ ಹಿಡಿದು ಹೋದರೆ ಗೇಟು ಸುಮ್ಮನಿರಬಹುದು, ಮೈಯಲ್ಲಿ ನೀರೇ ಹೆಚ್ಚಲ್ವಾ? ಕೌಂಟರಿನಲ್ಲಿ ಪವರ್ ಜಾಸ್ತಿ ಇಟ್ಟರೆ ಆಚೆ ರ‍್ಯಾಕಿನ ಪುಸ್ತಕವೂ ಇಶ್ಯೂ ಪಟ್ಟಿಗೆ ಬರುತ್ತದೆ.

ನನ್ನ ಒಲವು ಹೀಗೆ: ಕಳ್ಳತನ ತಡೆ, ಸ್ವಯಂ ಇಶ್ಯೂ ಮುಖ್ಯವಾದರೆ ಎಚ್‌ಎಫ್. ಲಕ್ಷಗಟ್ಟಲೆ ಪುಸ್ತಕ ಇದ್ದು ಪ್ರತಿ ವರ್ಷದ ಎಣಿಕೆಯೇ ತಲೆನೋವಾದರೆ ಯುಎಚ್‌ಎಫ್. ಎರಡನ್ನೂ ಬೆರೆಸಬೇಡಿ.

ಯಾವುದನ್ನೇ ತಗೊಳ್ಳಿ, ಎರಡು ಷರತ್ತು ಬರಹದಲ್ಲಿ ಇರಲಿ. ಟ್ಯಾಗಿನಲ್ಲಿ ಮಾಹಿತಿ ಬರೆಯುವ ರೀತಿ ಲೈಬ್ರರಿ ಟ್ಯಾಗ್‌ಗಳ ಸ್ಟ್ಯಾಂಡರ್ಡ್ ಆದ ಐಎಸ್‌ಒ 28560 ಪ್ರಕಾರ ಇರಬೇಕು. ಕಿಯೋಸ್ಕು (ಸ್ವಯಂ ಇಶ್ಯೂ ಯಂತ್ರ) ಎಸ್‌ಐಪಿ2 ಎಂಬ ಲೈಬ್ರರಿ ಸಂವಹನ ಪದ್ಧತಿಯ ಮೂಲಕ ನಿಮ್ಮ ಲೈಬ್ರರಿ ಸಾಫ್ಟ್‌ವೇರ್ ಜೊತೆ, ಕೋಹಾ ಎಂಬ ಉಚಿತ ಸಾಫ್ಟ್‌ವೇರ್ ಬಳಸುವವರಾದರೆ ಅದರ ಜೊತೆ, ಮಾತಾಡಬೇಕು. ಇಲ್ಲದಿದ್ದರೆ ಮಾರಿದವರು ಅಂಗಡಿ ಮುಚ್ಚಿದ ದಿನ ಅಂಟಿಸಿದ ಟ್ಯಾಗ್‌ಗಳೆಲ್ಲ ಹೊಸ ರೀಡರಿಗೆ ಅರ್ಥವಾಗದ ಸ್ಟಿಕರ್‌ಗಳಾಗಿ ಉಳಿಯುತ್ತವೆ.

ಕೊಟ್ಟಿಗೆ ಮತ್ತು ಸಾಕುಪ್ರಾಣಿ

ಸರ್ಕಾರದಿಂದ ಹಸು, ಎಮ್ಮೆಗಳ ಕಿವಿಗೆ ಹಾಕುವ ಹಳದಿ ಬಿಲ್ಲೆಯಲ್ಲಿ 12 ಅಂಕಿಯ ಪಶು ಆಧಾರ್ ಸಂಖ್ಯೆ ಇರುತ್ತದೆ, ಜೊತೆಗೆ ಬಾರ್‌ಕೋಡ್. ಲಸಿಕೆ, ವಿಮೆ, ಕೃತಕ ಗರ್ಭಧಾರಣೆಯ ದಾಖಲೆಗೆ ಅದೇ ಆಧಾರ. ಎರಡು ಮೂರು ಹಸು ಸಾಕಿದವರಿಗೆ ಅದರ ಮೇಲೆ ಆರ್‌ಎಫ್‌ಐಡಿ ಬೇಕಿಲ್ಲ. ಹಸುವನ್ನು ಹೆಸರು ಹಿಡಿದೇ ಕರೆಯುತ್ತೀರಿ.

ಹಸುಗಳು ಸಾಲಾಗಿ ಬಂದು ಯಂತ್ರದಲ್ಲಿ ಹಾಲು ಕರೆಸಿಕೊಳ್ಳುವ ದೊಡ್ಡ ಫಾರ್ಮಿನಲ್ಲಿ ಪ್ರತಿ ಹಸುವಿನ ಹಾಲಿನ ಲೆಕ್ಕ ತಾನಾಗಿಯೇ ಬರಬೇಕಾದರೆ 134.2 ಕಿಲೋಹರ್ಟ್ಸ್ ಟ್ಯಾಗ್ ಸರಿ. ಐಎಸ್‌ಒ 11784 ಮತ್ತು 11785 ಎಂದು ಬರೆದಿದೆಯೇ ನೋಡಿ. ಇದರಲ್ಲಿ ಎಫ್‌ಡಿಎಕ್ಸ್-ಬಿ, ಎಚ್‌ಡಿಎಕ್ಸ್ ಎಂದು ಎರಡು ವಿಧ ಇವೆ. ಎಚ್‌ಡಿಎಕ್ಸ್ ಮೊದಲು ಶಕ್ತಿ ತುಂಬಿಕೊಂಡು, ರೀಡರ್ ಸುಮ್ಮನಾದ ಮೇಲೆ ಉತ್ತರಿಸುವುದರಿಂದ ನಡೆದು ಹೋಗುವ ಹಸುವನ್ನು ಓದಲು ಅನುಕೂಲ. ಎರಡನ್ನೂ ಓದುವ ರೀಡರನ್ನೇ ಕೊಳ್ಳಿ. ಕಿವಿ ಹರಿದು ಬಿಲ್ಲೆ ಬೀಳುವ ಕಾಟ ಜಾಸ್ತಿ ಇದ್ದರೆ ಬೋಲಸ್ ಎಂಬ ಸೆರಾಮಿಕ್ ಗುಳಿಗೆ ಇದೆ. ನುಂಗಿಸಿದರೆ ತೂಕದಿಂದ ಹೊಟ್ಟೆಯ ಒಂದು ಭಾಗದಲ್ಲೇ ಉಳಿಯುತ್ತದೆ.

ನಾಯಿ, ಬೆಕ್ಕಿಗೆ ಹಾಕುವ ಚಿಪ್ ಅಕ್ಕಿಕಾಳಿನಷ್ಟಿರುತ್ತದೆ. 15 ಅಂಕಿಯ ನಂಬರ್. ಇದು ಜಿಪಿಎಸ್ ಅಲ್ಲ, ಕಳೆದುಹೋದ ನಾಯಿ ಎಲ್ಲಿದೆ ಎಂದು ಹೇಳುವುದಿಲ್ಲ. ಯಾರೋ ಹಿಡಿದು ರೀಡರ್ ಇಟ್ಟಾಗ ನಂಬರ್ ಮಾತ್ರ ಹೇಳುತ್ತದೆ. ಆ ನಂಬರಿನ ಎದುರು ನಿಮ್ಮ ಫೋನ್ ಎಲ್ಲೂ ದಾಖಲಾಗಿಲ್ಲದಿದ್ದರೆ ಪ್ರಯೋಜನವಿಲ್ಲ. ಕೆಲಸಕ್ಕಾಗಿ ಜರ್ಮನಿ, ನೆದರ್ಲೆಂಡ್ಸ್ ಕಡೆ ಹೋಗುವಾಗ ನಾಯಿಯನ್ನೂ ಕರೆದೊಯ್ಯುವವರು ಒಂದು ಕ್ರಮ ಮರೆಯಬಾರದು: ಮೊದಲು ಐಎಸ್‌ಒ ಚಿಪ್, ಆಮೇಲೆ ರೇಬೀಸ್ ಲಸಿಕೆ. ಚಿಪ್ಪಿಗಿಂತ ಮುಂಚೆ ಹಾಕಿಸಿದ ಲಸಿಕೆಯನ್ನು ಯುರೋಪಿಯನ್ ಒಕ್ಕೂಟ ಒಪ್ಪುವುದಿಲ್ಲ.

ಅಂಗಡಿ, ಗೋಡೌನು

ಬಟ್ಟೆಗೆ ಯುಎಚ್‌ಎಫ್ ಹೇಳಿ ಮಾಡಿಸಿದಂತೆ. ಡೆಕಾಥ್ಲಾನ್ ಅಂಗಡಿಗಳಲ್ಲಿ ಬುಟ್ಟಿಯ ಸಾಮಾನನ್ನೆಲ್ಲ ಒಂದೇ ಸಲ ಎಣಿಸಿ ಬಿಲ್ ಮಾಡುವುದು ಇದರಿಂದಲೇ. ಜರತಾರಿ ಸೀರೆಗೆ ಹಾಕುವಾಗ ಟ್ಯಾಗು ಜರಿಗೆ ತಾಗದಂತೆ ಕವರಿನ ಹೊರಗೆ ತೂಗುಬಿಡಿ, ಲೋಹದ ಎಳೆ ಓದುವಿಕೆಯನ್ನು ಕೆಡಿಸಬಹುದು. ಎಣ್ಣೆ ಡಬ್ಬ, ಜ್ಯೂಸ್ ಬಾಟಲಿ, ಅಲ್ಯುಮಿನಿಯಂ ಹಾಳೆಯ ಮಾತ್ರೆ ಸ್ಟ್ರಿಪ್ಪುಗಳ ಗೋಡೌನಿಗೆ ಬಿಡಿಬಿಡಿಯಾಗಿ ಟ್ಯಾಗ್ ಹಾಕುವ ಆಸೆ ಬಿಡಿ. ರಟ್ಟಿನ ಪೆಟ್ಟಿಗೆಗೆ ಒಂದು ಹಾಕಿ. ಕಬ್ಬಿಣದ ಉಪಕರಣಕ್ಕಾದರೆ ಲೋಹಕ್ಕೆಂದೇ ಮಾಡಿದ ದಪ್ಪ ಟ್ಯಾಗ್ ಬೇಕು, ಅದರ ಬೆಲೆ ಕಾಗದದ ಸ್ಟಿಕರಿನ ಹಲವು ಪಟ್ಟು.

ಬಟ್ಟೆ ಅಂಗಡಿಯ ಬಾಗಿಲಲ್ಲಿ ಕೂಗುವ ಕಂಬಗಳೆಲ್ಲ ಆರ್‌ಎಫ್‌ಐಡಿ ಅಲ್ಲ ಎಂಬುದೂ ಗೊತ್ತಿರಲಿ. 8.2 ಮೆಗಾಹರ್ಟ್ಸ್ ಅಥವಾ 58 ಕಿಲೋಹರ್ಟ್ಸ್‌ನ ಹಳೆಯ ಅಲಾರಂ ಟ್ಯಾಗ್‌ಗಳಲ್ಲಿ ನಂಬರೇ ಇಲ್ಲ. ಕಳ್ಳತನ ತಡೆಯುವುದಷ್ಟೇ ಬೇಕಾದರೆ ಅವೇ ಅಗ್ಗ.

ಯುಎಚ್‌ಎಫ್ ರೀಡರನ್ನು ವಿದೇಶದಿಂದ ತರಿಸುವವರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಫ್ರೀಕ್ವೆನ್ಸಿ ಪಟ್ಟಿ (ಬ್ಯಾಂಡ್) 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್ ಎಂದು ನಿಗದಿಯಾಯಿತು, ಮುಂದೆ 868ರವರೆಗೆ ವಿಸ್ತರಿಸಿತು. ಅಮೆರಿಕದ ರೀಡರ್ 902ರಿಂದ 928ರಲ್ಲಿ ಕೆಲಸ ಮಾಡುತ್ತದೆ. ಅದರ ಒಂದು ಭಾಗ ಇಲ್ಲಿನ ಮೊಬೈಲ್ ಕಂಪನಿಗಳ ಪಟ್ಟಿಯೊಳಗೆ ಬೀಳುತ್ತದೆ. ಯುರೋಪಿನ ಪಟ್ಟಿಗೆ ಹೊಂದಿಸಿದ್ದು, ವೈರ್‌ಲೆಸ್ ಉಪಕರಣಗಳಿಗೆ ಕೇಂದ್ರ ಸರ್ಕಾರದ ಡಬ್ಲ್ಯುಪಿಸಿ ವಿಭಾಗ ಕೊಡುವ ಇಟಿಎ ಅನುಮೋದನೆ ಇರುವುದು ಇಲ್ಲಿಗೆ ಸರಿ.

ಬ್ಯಾಂಕ್ ಕಾರ್ಡು, ಕ್ಯೂಆರ್, ಉಳಿದ ಮಾತು

ಆರ್‌ಎಫ್‌ಐಡಿ ತಡೆಯುವ ಪರ್ಸು ಕೊಳ್ಳಬೇಕೇ ಎಂದು ಕೇಳುವವರು ಬಹಳ. ನನ್ನ ಉತ್ತರ, ಬೇಡ. ಟ್ಯಾಪ್ ಕಾರ್ಡು ಕೆಲವೇ ಸೆಂಟಿಮೀಟರಿನಲ್ಲಿ ಓದುತ್ತದೆ, ಪ್ರತಿ ವ್ಯವಹಾರಕ್ಕೂ ಬೇರೆ ಬೇರೆ ಸಂಕೇತ ಕೊಡುತ್ತದೆ. ಪಿನ್ ಇಲ್ಲದೆ 5,000 ರೂಪಾಯಿವರೆಗೆ ನಡೆಯುವುದು ಮನಸ್ಸಿಗೆ ಒಪ್ಪದಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ಮಿತಿ ಇಳಿಸಿ ಅಥವಾ ಟ್ಯಾಪ್ ಸೌಲಭ್ಯವನ್ನೇ ನಿಲ್ಲಿಸಿ. ಪರ್ಸಿಗಿಂತ ಅದು ಗಟ್ಟಿ ಕಾವಲು.

ಒಬ್ಬೊಬ್ಬರಾಗಿ ಬಂದು ತೋರಿಸುವ ಕೆಲಸ, ಸಮಾರಂಭದ ಟಿಕೆಟ್, ಸಣ್ಣ ಆಫೀಸಿನ ಕುರ್ಚಿ ಮೇಜಿನ ಪಟ್ಟಿ, ಇವಕ್ಕೆ ಕ್ಯೂಆರ್ ಸಾಕು. ನಮ್ಮ ಮೆಟ್ರೋದಲ್ಲಿ ಟೋಕನ್, ಸ್ಮಾರ್ಟ್ ಕಾರ್ಡುಗಳ ಜೊತೆಗೆ 2022ರ ನವೆಂಬರ್ 1ರಿಂದ ಕ್ಯೂಆರ್ ಟಿಕೆಟ್ಟೂ ಬಂತು, ಮೂರೂ ಒಟ್ಟಿಗೆ ನಡೆಯುತ್ತಿವೆ. ಅಪರೂಪಕ್ಕೆ ಹೋಗುವವರಿಗೆ ಕ್ಯೂಆರ್ ಸರಿ. ದಿನಾ ಓಡಾಡುವವರಿಗೆ ಕಾರ್ಡು ಮೇಲು, ಫೋನ್ ತೆಗೆದು ಪರದೆ ಬೆಳಗಿಸುವ ಕೆಲಸವಿಲ್ಲ, ಚಾರ್ಜ್ ಹೋದರೂ ಗೇಟು ತೆರೆಯುತ್ತದೆ. ಕೈಯಲ್ಲಿ ಹಿಡಿದು ತೋರಿಸಲಾಗದ್ದು, ಒಟ್ಟಿಗೆ ಎಣಿಸಬೇಕಾದದ್ದು, ಕೊಳೆಯಾಗಿ ಅಕ್ಷರ ಅಳಿಸುವಂಥದ್ದು, ನಕಲಾದರೆ ಅಪಾಯ ಇರುವಂಥದ್ದು, ಇವಕ್ಕೆ ಆರ್‌ಎಫ್‌ಐಡಿ.

ಆರ್ಡರ್ ಕೊಡುವ ಮೊದಲು ಕೆಲವು ಟ್ಯಾಗ್, ಒಂದು ರೀಡರ್ ಎರವಲು ಕೇಳಿ. ನಿಮ್ಮದೇ ಪುಸ್ತಕ, ನಿಮ್ಮದೇ ಗಾಜು, ನಿಮ್ಮದೇ ಡಬ್ಬದ ಮೇಲೆ ಅಂಟಿಸಿ. ಮಾರುವವರ ಮೇಜಿನ ಮೇಲೆ ಓದುವುದು ಪರೀಕ್ಷೆಯಲ್ಲ. ಮಳೆಯಲ್ಲಿ ನೆನೆದ ಗಾಜಿನ ಹಿಂದೆ ಓದುತ್ತದೆಯೇ, ಜನ ಗುಂಪಾಗಿ ನಿಂತಾಗ ಓದುತ್ತದೆಯೇ, ಓದಬಾರದ ದೂರದಲ್ಲಿ ಸುಮ್ಮನಿರುತ್ತದೆಯೇ ನೋಡಿ. ಕೊನೆಯ ಕಂತು ಕೊಡುವ ಮುನ್ನ ಕಾರ್ಡಿನ ಕೀಗಳು, ಟ್ಯಾಗ್‌ಗಳ ಪಾಸ್‌ವರ್ಡ್, ಸಾಫ್ಟ್‌ವೇರಿನ ಅಡ್ಮಿನ್ ಖಾತೆ ಮೂರನ್ನೂ ಬರಹದಲ್ಲಿ ನಿಮ್ಮ ಕೈಗೆ ತಗೊಳ್ಳಿ.